ಹತ್ತಿಗೆ ಹೆಸರು ಕೊಟ್ಟ ಬಂದರು

ನವಲಿ ಎಲ್ಲಿ, ಸಮುದ್ರ ಎಲ್ಲಿ ಅಂತ ನೀವು ನಗಬಹುದು. ನಮಗೆ ಹೊಳೆ ಅಂದರೆ ತುಂಗಭದ್ರೆ, ನೀರು ಅಂದರೆ ಎಡದಂಡೆ ಕಾಲುವೆ. ಆದರೆ ‘ಕುಮಟಾ ಹತ್ತಿ’ ಎಂಬ ಹೆಸರನ್ನು ಹಳಬರ ಬಾಯಲ್ಲಿ ನೀವು ಕೇಳಿರಬೇಕು. ಈ ಹೆಸರು ಎಲ್ಲಿಂದ ಬಂತು?

ಕುಮಟಾ ಇರುವುದು ಉತ್ತರ ಕನ್ನಡದ ಕಡಲ ದಂಡೆಯಲ್ಲಿ. ಅಲ್ಲಿ ತೆಂಗು, ಭತ್ತ, ಮೀನು; ಹತ್ತಿಯ ಹೊಲ ಕಾಣುವುದಿಲ್ಲ. ಧಾರವಾಡ ಸೀಮೆಯ ಎರೆಹೊಲದ ಜವಾರಿ ಹತ್ತಿ ಅಲ್ಲಿ ಹಡಗು ಏರಿ ಮುಂಬಯಿಗೆ ಹೋಗುತ್ತಿತ್ತು. ಪೇಟೆಯವರು ಬೆಳೆದವನ ಊರು ಕೇಳಲಿಲ್ಲ, ಹಡಗು ಹೊರಟ ಊರಿನ ಹೆಸರನ್ನೇ ಹತ್ತಿಗೆ ಇಟ್ಟರು. ರೈತನಿಗೆ ಇದು ಹೊಸ ಮಾತೇನಲ್ಲ, ಬಿಡಿ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆಯಿತು. ಅಲ್ಲಿನ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ನಿಂತವು. ಇಲ್ಲಿ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿಗೆ ಒಳ್ಳೆಯ ಬಂದರು ಬೇಕೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನೋಡಿ, ಹತ್ತಿಯ ಸಲುವಾಗಿ ಒಂದು ಜಿಲ್ಲೆಯ ಗಡಿಯೇ ಬದಲಾಯಿತು!

ದಾರಿ ಸುಲಭವಾಗಿರಲಿಲ್ಲ. ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಎತ್ತಿನ ಗಾಡಿಗಳು ಕಡಲಿಗೆ ಬರಬೇಕು. ಜವಾರಿ ಹತ್ತಿ ಬಿಡಿಸುವುದು ಬೇಸಿಗೆಯಲ್ಲಿ. ಮುಂಗಾರು ಹಿಡಿಯಿತೆಂದರೆ ಕಡಲು ಕೆರಳಿ ಬಂದರು ಮುಚ್ಚುತ್ತಿತ್ತು. ಅಷ್ಟರೊಳಗೆ ಮಾಲು ತಲುಪಬೇಕು. ಗಾಡಿಯವನು, ಹಮಾಲ, ದೋಣಿಯವನು ಎಲ್ಲರ ವರ್ಷದ ಅನ್ನ ಆ ನಾಲ್ಕು ತಿಂಗಳಲ್ಲೇ.

1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಗೋವೆಯ ಮಾರ್ಮಗೋವಾ ಬಂದರಿಗೆ ರೈಲು ಬಂತು. ಹತ್ತಿ ಆ ಕಡೆ ತಿರುಗಿತು. ಘಟ್ಟದ ದಾರಿಯ ಗಾಡಿಗಳು ಕಡಿಮೆಯಾದವು, ಕುಮಟಾ ಬಂದರು ಸಪ್ಪಗಾಯಿತು. ಕಡಲು ಅಲ್ಲೇ ಇತ್ತು, ಬದಲಾದದ್ದು ದಾರಿ.

ಪಕ್ಕದ ಅಘನಾಶಿನಿ ಹೊಳೆಗೆ ಇಂದಿಗೂ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನು ಈಗಲೂ ಕೆಲವರು ಬಿತ್ತುತ್ತಾರೆ. 1990ರ ದಶಕದಲ್ಲಿ ಕೊಂಕಣ ರೈಲು ಕುಮಟೆಗೂ ಬಂತು. ಆದರೆ ಅದು ಕಡಲ ದಂಡೆಗುಂಟ ಓಡುತ್ತದೆ, ಘಟ್ಟ ಹತ್ತಿ ನಮ್ಮ ಕಡೆ ಬರುವುದಿಲ್ಲ.