ಗೆದ್ದ ಮೇಲೆ ಸೋತವನು

ಬೈಕ್ ಮೇಲೆ ಒಂದು ಸಿನಿಮಾ ಮಾಡೋಣ, ಕಥೆ ಹೇಳಿ ಅಂದ್ರೆ ನನ್ನ ಬಾಯಿಗೆ ಬರೋದು ಒಂದೇ ಹೆಸರು: ಯಾರೊಸ್ಲಾವ್ ಫಾಲ್ಟಾ.

1974ರ ಆಗಸ್ಟ್. ಸ್ವಿಟ್ಜರ್ಲೆಂಡ್‌ನ ವೋಲೆನ್. 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತು. ಫಾಲ್ಟಾ ಚೆಕೊಸ್ಲೊವಾಕಿಯಾದ ಹುಡುಗ, ಬೈಕೂ ಅದೇ ದೇಶದ ಸಿಜೆಡ್. ಎದುರಾಳಿ ಸೋವಿಯತ್ ಒಕ್ಕೂಟದ ಗೆನ್ನಡಿ ಮೊಯಿಸೆಯೆವ್. ಆರು ವರ್ಷದ ಹಿಂದಷ್ಟೇ ಸೋವಿಯತ್ ಟ್ಯಾಂಕ್‌ಗಳು ಪ್ರಾಗ್‌ಗೆ ನುಗ್ಗಿದ್ದವು. ಹಾಗಾಗಿ ಇದು ಬರೀ ರೇಸ್ ಆಗಿರಲಿಲ್ಲ.

ಟ್ರ್ಯಾಕ್ ಮೇಲೆ ಸೋವಿಯತ್ ಸವಾರರು ಫಾಲ್ಟಾಗೆ ಅಡ್ಡ ಹಾಕಿದರು, ಬೀಳಿಸಿದರು. ಅವನು ಎದ್ದ, ಮತ್ತೆ ಓಡಿಸಿದ, ಗೆದ್ದ. ಸಂಭ್ರಮ ಶುರುವಾಯ್ತು. ಅಷ್ಟರಲ್ಲಿ ಒಂದು ದೂರು ಬಂತು: ಸ್ಟಾರ್ಟ್ ಆಗೋ ಮೊದಲೇ ಫಾಲ್ಟಾ ಹೊರಟಿದ್ದ ಅಂತ. ಒಂದು ನಿಮಿಷದ ದಂಡ ಬಿತ್ತು. ಪಟ್ಟ ಮೊಯಿಸೆಯೆವ್ ಪಾಲಾಯ್ತು. ಅವನ ಬೈಕ್ ತಯಾರಿಸಿದ ಕೆಟಿಎಂಗೆ ಅದು ಮೊದಲ ವಿಶ್ವ ಪ್ರಶಸ್ತಿ.

ಇವತ್ತು ನಮ್ಮ ರಸ್ತೆಗಳಲ್ಲಿ ಕಿತ್ತಳೆ ಬಣ್ಣದ ಕೆಟಿಎಂ ಕಂಡಾಗಲೆಲ್ಲ ನನಗೆ ಫಾಲ್ಟಾ ನೆನಪಾಗ್ತಾನೆ. ಅದೇ ವರ್ಷ ಅವನು ಅಮೆರಿಕಕ್ಕೆ ಹೋಗಿ ಲಾಸ್ ಏಂಜಲೀಸ್‌ನ ದೊಡ್ಡ ಸ್ಟೇಡಿಯಂ ರೇಸ್ ಗೆದ್ದಿದ್ದ. ಆದರೆ ವಿಶ್ವ ಪಟ್ಟ ಮಾತ್ರ ಕೊನೆವರೆಗೂ ಸಿಗಲಿಲ್ಲ.

ದಾಖಲೆ ಬರೆಯೋದು ಅಂಕಗಳನ್ನ. ಬಿದ್ದವನು ಎದ್ದು ಗೆದ್ದಿದ್ದನ್ನ ನಾವೇ ಹೇಳ್ಕೋಬೇಕು.