ರಾಮಣ್ಣನವರ ಹೆಸರು ಹೊತ್ತ ಬೆಳಕಿನ ಉಂಗುರ

ಸಾಂತಾಕ್ರೂಜಿನ ಸ್ಮರಣ ಸಂಚಿಕೆಯಲ್ಲಿ ಇಂದೋರಿನ ಸಂಸ್ಥೆಯೊಂದರ ಚರಿತ್ರೆ ಯಾಕೆ ಎಂದು ಓದುಗರು ಕೇಳಬಹುದು. ಆ ಸಂಸ್ಥೆ ರೂಪುಗೊಂಡದ್ದು ನಮ್ಮ ಮುಂಬಯಿಯ ಟ್ರಾಂಬೆಯಲ್ಲಿ. ಅದು ಹೊತ್ತಿರುವುದು ತಿಪಟೂರಿನಲ್ಲಿ ಹುಟ್ಟಿದ ಕನ್ನಡಿಗರೊಬ್ಬರ ಹೆಸರು. ಮುಂದೆ ಅಲ್ಲಿರುವಂಥ ಬೆಳಕಿನ ಯಂತ್ರಗಳನ್ನು ನಡೆಸಬಲ್ಲ ಹುಡುಗ ಹುಡುಗಿಯರು ಇಂದು ಭೌತಶಾಸ್ತ್ರ ಕಲಿಯುತ್ತಿರುವುದು ನಮ್ಮದೇ ಕಲೀನಾದಲ್ಲಿ.

ರಾಜಾ ರಾಮಣ್ಣ ಹುಟ್ಟಿ ನೂರು ವರ್ಷ ದಾಟಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿ 1949ರಲ್ಲಿ ಅವರು ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1945ರಲ್ಲಿ ಕಣ್ಣುಬಿಟ್ಟು, ಅದೇ ವರ್ಷ ಮುಂಬಯಿಗೆ ಬಂದ ಸಂಸ್ಥೆ ಅದು. ಪಿಯಾನೋವನ್ನು ಪರಿಣತಿಯಿಂದ ನುಡಿಸುತ್ತಿದ್ದ ರಾಮಣ್ಣನವರಿಗೂ ಪಾಶ್ಚಾತ್ಯ ಸಂಗೀತವನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ ಭಾಭಾ ಅವರಿಗೂ ನಡುವೆ ಇದ್ದದ್ದು ಬರೀ ಕಚೇರಿಯ ನಂಟಲ್ಲ.

ಆ ಕಾಲದ ವಿಜ್ಞಾನಿಗಳ ವಿದೇಶ ಪ್ರಯಾಣ ಆರಂಭವಾಗುತ್ತಿದ್ದುದು ಸಾಂತಾಕ್ರೂಜಿನಿಂದ. ಸಹಾರ್ ಟರ್ಮಿನಲ್ ಬರುವ ತನಕ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಜನ ಹೇಳುತ್ತಿದ್ದ ಹೆಸರೇ ಸಾಂತಾಕ್ರೂಜ್. 1966ರ ಜನವರಿಯಲ್ಲಿ ವಿಯೆನ್ನಾದ ಅಣುಶಕ್ತಿ ಸಭೆಗೆಂದು ಭಾಭಾ ವಿಮಾನ ಹತ್ತಿದ್ದೂ ಇಲ್ಲಿಂದಲೇ. ಏರ್ ಇಂಡಿಯಾದ 'ಕಾಂಚನಜಂಗಾ' 24ರ ಬೆಳಿಗ್ಗೆ ಜಿನೀವಾ ತಲುಪುವ ಮೊದಲೇ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಭಾಭಾ ಬಿಟ್ಟುಹೋದ ಕೆಲಸವನ್ನು ಹೆಗಲಿಗೇರಿಸಿಕೊಂಡವರಲ್ಲಿ ರಾಮಣ್ಣ ಒಬ್ಬರು. 1972ರಲ್ಲಿ ಅವರು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

ಇಲ್ಲಿಂದ ಕಥೆ ಸರಳವಾಗಿ ಉಳಿಯುವುದಿಲ್ಲ. 1974ರ ಮೇ 18ರಂದು ಪೋಖ್ರಾನಿನಲ್ಲಿ ನಡೆದ ಅಣು ಪರೀಕ್ಷೆಯ ಮುಂಚೂಣಿಯಲ್ಲಿ ಇದ್ದವರು ರಾಮಣ್ಣ. ಕೆನಡಾ ನಮ್ಮೊಂದಿಗಿನ ಅಣು ಸಹಕಾರ ನಿಲ್ಲಿಸಿತು. ಅಣು ಸಾಮಗ್ರಿ ಪೂರೈಸುವ ದೇಶಗಳು ಕೂಟ ಕಟ್ಟಿ ಬಾಗಿಲು ಹಾಕಿಕೊಂಡವು. ದುಡ್ಡಿದ್ದರೂ ಬೇಕಾದ ಉಪಕರಣ ಸಿಗದ ಕಾಲ ಶುರುವಾಯಿತು. ಜಗತ್ತಿನ ಅತ್ಯಂತ ಮುಕ್ತ ವಿಜ್ಞಾನಗಳಲ್ಲಿ ಒಂದಾದ, ಓಡುವ ಎಲೆಕ್ಟ್ರಾನುಗಳಿಂದ ಹೊಮ್ಮುವ ಸಿಂಕ್ರೋಟ್ರಾನ್ ಬೆಳಕಿನ ಕೆಲಸಕ್ಕೆ ಅದೇ ರಾಮಣ್ಣನವರ ಹೆಸರು ಅಂಟಿಕೊಂಡಿರುವುದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸುವ ಸಂಗತಿ.

ಲೇಸರ್ ಮತ್ತು ಕಣ ವೇಗವರ್ಧಕ, ಈ ಎರಡು ಕೆಲಸಗಳು ಟ್ರಾಂಬೆಯಲ್ಲಿ ಬೆಳೆದು ತಮ್ಮದೇ ಆದ ನೆಲೆ ಬೇಡತೊಡಗಿದ್ದವು. ರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರ ಫೆಬ್ರವರಿ 19ರಂದು, ಇಂದೋರಿನಲ್ಲಿ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ರಾಷ್ಟ್ರಪತಿ ಜೈಲ್ ಸಿಂಗ್ ಅಡಿಗಲ್ಲು ಹಾಕಿದರು. 1986ರ ಜೂನಿನಲ್ಲಿ ಟ್ರಾಂಬೆಯ ವಿಜ್ಞಾನಿಗಳ ಮೊದಲ ತಂಡ ಅಲ್ಲಿಗೆ ಹೋಯಿತು. ಲೇಸರ್ ತಜ್ಞ ಡಿ. ಡಿ. ಭವಾಲ್ಕರ್ ಬಹುಕಾಲ ಕೇಂದ್ರವನ್ನು ನಡೆಸಿದರು. ಮುಂಬಯಿಯ ಕ್ವಾರ್ಟರ್ಸ್ ಬಿಟ್ಟು, ಇನ್ನೂ ಗೋಡೆ ಏಳುತ್ತಿದ್ದ ಪ್ರಯೋಗಾಲಯಗಳಿಗೆ ಸಂಸಾರಸಮೇತ ಹೋದವರ ಧೈರ್ಯವನ್ನು ಇಂಥ ಸಂಚಿಕೆಯಲ್ಲಾದರೂ ನೆನೆಯಬೇಕು.

ಅವರು ಕಟ್ಟಹೊರಟ ಯಂತ್ರದ ತತ್ತ್ವ ಕಷ್ಟದ್ದಲ್ಲ. ಬೆಳಕಿನ ವೇಗಕ್ಕೆ ತೀರಾ ಸಮೀಪದಲ್ಲಿ ಓಡುವ ಎಲೆಕ್ಟ್ರಾನನ್ನು ಕಾಂತದಿಂದ ಬಾಗಿಸಿದರೆ, ಮಳೆಗಾಲದ ರಸ್ತೆಯ ತಿರುವಿನಲ್ಲಿ ಚಕ್ರದಿಂದ ನೀರು ಸಿಡಿಯುವಂತೆ ಅದರಿಂದ ಬೆಳಕು ಸಿಡಿಯುತ್ತದೆ. ಸಿಂಕ್ರೋಟ್ರಾನ್ ಬೆಳಕು ಎಂದರೆ ಇದೇ. ಇದರಲ್ಲಿ ಎಕ್ಸ್ ಕಿರಣಗಳೂ ಇರುತ್ತವೆ. ಪ್ರೋಟೀನಿನ ರಚನೆ, ಲೋಹದೊಳಗಿನ ಪರಮಾಣುಗಳ ಜೋಡಣೆ, ರಾಸಾಯನಿಕ ಕ್ರಿಯೆಗಳ ಒಳಗುಟ್ಟು, ಎಲ್ಲವೂ ಇದರಲ್ಲಿ ಕಾಣುತ್ತವೆ. ಮೊದಲು ಬಂದದ್ದು 450 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಪುಟ್ಟ ಇಂಡಸ್-1. ಸುತ್ತಳತೆ 19 ಮೀಟರೂ ಇಲ್ಲ. 1999ರಲ್ಲಿ ಅದು ಬೆಳಗಿತು. ಅದರ ಹಿಂದಿನ ವರ್ಷವಷ್ಟೇ ಪೋಖ್ರಾನಿನ ಎರಡನೆಯ ಪರೀಕ್ಷೆಗಳು ನಡೆದು, ಅಮೆರಿಕ ನಿರ್ಬಂಧ ಹೇರಿತ್ತು.

ಇಂಡಸ್-2 ಬೇರೆಯೇ ಗಾತ್ರದ್ದು: 2.5 ಶತಕೋಟಿ ಎಲೆಕ್ಟ್ರಾನ್ ವೋಲ್ಟ್, 172.5 ಮೀಟರ್ ಸುತ್ತಳತೆ, 16 ಬಾಗುಕಾಂತಗಳು. ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಸುತ್ತುತ್ತವೆ. ಒಂದೊಂದು ಸುತ್ತಿನಲ್ಲೂ ಬೆಳಕಾಗಿ ಕಳೆದುಕೊಂಡ ಶಕ್ತಿಯನ್ನು ಯಾರಾದರೂ ಮರಳಿ ತುಂಬಲೇಬೇಕು. ಅದು ಆರ್‌ಎಫ್ ಕ್ಯಾವಿಟಿ ಎಂಬ, ರೇಡಿಯೋ ತರಂಗ ತುಂಬಿದ ಲೋಹದ ಕೋಶದ ಕೆಲಸ. ಇಂಡಸ್-2ಕ್ಕೆ ಬೇಕಾದ ನಾಲ್ಕು ಕ್ಯಾವಿಟಿಗಳು ಬಂದದ್ದು ಇಟಲಿಯ ಟ್ರಿಯೆಸ್ತೆಯ ಎಲೆಟ್ರಾ ಪ್ರಯೋಗಾಲಯದಿಂದ. ಪಾಕಿಸ್ತಾನದ ಅಬ್ದುಸ್ ಸಲಾಂ 1964ರಲ್ಲಿ ಬಡ ದೇಶಗಳ ವಿಜ್ಞಾನಿಗಳಿಗಾಗಿ ಭೌತಶಾಸ್ತ್ರ ಕೇಂದ್ರ ತೆರೆದ ಊರು ಅದು. ನಮ್ಮ ಸಿ. ಎನ್. ಆರ್. ರಾವ್ ಅಧ್ಯಕ್ಷರಾಗಿದ್ದ ಮೊದಲು ಮೂರನೆಯ ಜಗತ್ತಿನ ವಿಜ್ಞಾನ ಅಕಾಡೆಮಿ ಎನಿಸಿಕೊಂಡಿದ್ದ ಸಂಸ್ಥೆ ಇರುವುದೂ ಅಲ್ಲೇ. ಇರಾನ್, ಇಸ್ರೇಲ್, ಪ್ಯಾಲೆಸ್ತೀನ್, ಪಾಕಿಸ್ತಾನಗಳನ್ನು ಒಂದೇ ಮೇಜಿಗೆ ಕೂರಿಸಿ 2017ರಲ್ಲಿ ಜೋರ್ಡಾನಿನಲ್ಲಿ ಉದ್ಘಾಟನೆಯಾದ ಸೆಸಮೆ ಬೆಳಕಿನ ಉಂಗುರದಲ್ಲೂ ಎಲೆಟ್ರಾ ಮಾದರಿಯ ಕ್ಯಾವಿಟಿಗಳೇ ಇವೆ.

ಹಾಗಂತ ನಾವು ಬರೀ ಪಡೆದವರಲ್ಲ. ಜಿನೀವಾದ ಕಣಭೌತ ಪ್ರಯೋಗಾಲಯ ಸೆರ್ನ್ ಜೊತೆ 1991ರಲ್ಲಿ ಆದ ಒಪ್ಪಂದದ ಮುಂದುವರಿಕೆಯಾಗಿ, 27 ಕಿಲೋಮೀಟರ್ ಸುರಂಗದಲ್ಲಿರುವ ಲಾರ್ಜ್ ಹೇಡ್ರಾನ್ ಕೊಲೈಡರಿಗೆ ಸುಮಾರು 1,800 ಅತಿವಾಹಕ ತಿದ್ದುಕಾಂತಗಳು ಮತ್ತು ಸುಮಾರು 7,000 ಜಾಕುಗಳು ಇಂದೋರಿನ ಉಸ್ತುವಾರಿಯಲ್ಲಿ ತಯಾರಾಗಿ ಹೋದವು. ಬೆಂಗಳೂರಿನ ಕಾರ್ಖಾನೆಗಳೂ ಇದರಲ್ಲಿ ಕೈಜೋಡಿಸಿದ್ದವು. ಆ ಸುರಂಗದ 15 ಮೀಟರ್ ಉದ್ದದ, 30 ಟನ್ನಿಗೂ ಮೀರಿ ತೂಗುವ ಕಾಂತಗಳು ಇಂದಿಗೂ ಈ ಜಾಕುಗಳ ಮೇಲೆ ಕೂತಿವೆ. ಕೂದಲೆಳೆಯಷ್ಟು ಸರಿಸಬೇಕಾದರೂ ಇವುಗಳಿಂದಲೇ ಸರಿಸಬೇಕು. ಜಾಕೆಂದರೆ ಏನು ಮಹಾ ಎಂದು ಯಾರಾದರೂ ಮೂಗು ಮುರಿದರೆ ನನಗೆ ನೋವಾಗುತ್ತದೆ. ದೊಡ್ಡ ವಿಜ್ಞಾನದ ಭಾರ ನಿಲ್ಲುವುದು ಇಂಥ ಕೆಲಸದ ಮೇಲೆ.

ರಾಮಣ್ಣ ಇಂಡಸ್-2ರ ಬೆಳಕು ನೋಡಲಿಲ್ಲ. 2004ರ ಸೆಪ್ಟೆಂಬರ್ 24ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ಡಿಸೆಂಬರ್ 17ರಂದು ಪ್ರಧಾನಿ ಮನಮೋಹನ ಸಿಂಗ್ ಇಂಡಸ್-2ನ್ನು ದೇಶಕ್ಕೆ ಅರ್ಪಿಸಿ, ಕೇಂದ್ರಕ್ಕೆ ರಾಮಣ್ಣನವರ ಹೆಸರಿಟ್ಟರು. ಆಮೇಲಿನ ವರ್ಷಗಳಲ್ಲಿ ಇಂದೋರಿನವರು ಕ್ಯಾವಿಟಿಗಳಿಗೆ ಶಕ್ತಿ ಕೊಡುತ್ತಿದ್ದ ವಿದೇಶಿ ಕ್ಲೈಸ್ಟ್ರಾನ್ ಕೊಳವೆಗಳ ಜಾಗಕ್ಕೆ ತಾವೇ ರೂಪಿಸಿದ ಘನಸ್ಥಿತಿ ಆಂಪ್ಲಿಫೈಯರುಗಳನ್ನು ತಂದರು. ಬೆಳಕನ್ನು ಇನ್ನಷ್ಟು ತೀಕ್ಷ್ಣಗೊಳಿಸುವ ಅಂಡುಲೇಟರುಗಳನ್ನು ಮಾತ್ರ ಮತ್ತೆ ಇಟಲಿಯಿಂದಲೇ ತರಿಸಿದರು. ಯಾವುದನ್ನು ಕಲಿತು ಮಾಡಬೇಕು, ಯಾವುದನ್ನು ಕೇಳಿ ಪಡೆಯಬೇಕು ಎಂಬ ಈ ವಿವೇಕವೇ ಅವರ ದೊಡ್ಡ ಗಳಿಕೆ ಎಂದು ನಾನು ಎಣಿಸುತ್ತೇನೆ. ಹಿಂದೆ ನಿರ್ಬಂಧ ಹೇರಿದ ಅಮೆರಿಕದ ಫರ್ಮಿಲ್ಯಾಬ್ ಈಗ ಕಟ್ಟುತ್ತಿರುವ ಹೊಸ ವೇಗವರ್ಧಕದಲ್ಲಿ ಭಾರತದ ಅಣುಶಕ್ತಿ ಇಲಾಖೆ ಪಾಲುದಾರ. ಅದರ ಅತಿವಾಹಕ ಕ್ಯಾವಿಟಿಗಳ ಕೆಲಸದಲ್ಲಿ ಇಂದೋರೂ ಇದೆ.

ಇನ್ನು ಕಲೀನಾ. 2007ರಲ್ಲಿ ಅಣುಶಕ್ತಿ ಇಲಾಖೆ ಮತ್ತು ಮುಂಬಯಿ ವಿಶ್ವವಿದ್ಯಾಲಯ ಸೇರಿ ಇಲ್ಲಿನ ವಿದ್ಯಾನಗರಿ ಆವರಣದಲ್ಲಿ ಮೂಲವಿಜ್ಞಾನಗಳ ಉತ್ಕೃಷ್ಟತಾ ಕೇಂದ್ರ ತೆರೆದವು. ನಮ್ಮ ಕನ್ನಡ ವಿಭಾಗ ಇರುವ ಆವರಣವೇ ಅದು. ಪಿಯುಸಿ ಮುಗಿಸಿದವರು ನೆಸ್ಟ್ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಎಂಎಸ್ಸಿಗೆ ಸೇರಬಹುದು. ಹೀಗೆ ಕಲಿತವರಿಗೆ ಬೆಳಕಿನ ಉಂಗುರಗಳ ಬಾಗಿಲು ಇಂದೋರಿನಲ್ಲಷ್ಟೇ ತೆರೆದಿಲ್ಲ. ಜಪಾನಿನ ತ್ಸುಕುಬಾದ ಫೋಟಾನ್ ಫ್ಯಾಕ್ಟರಿಯಲ್ಲಿ, ಉಂಗುರದ ಬೆಳಕನ್ನು ಪ್ರಯೋಗದ ಮೇಜಿಗೆ ಒಯ್ಯುವ, ಭಾರತೀಯ ಬೀಮ್‌ಲೈನ್ ಇದೆ. ಜರ್ಮನಿಯ ಹ್ಯಾಂಬರ್ಗಿನ ಪೆಟ್ರಾ-3 ಉಂಗುರದಲ್ಲಿ ನಮ್ಮವರ ಪ್ರಯೋಗಗಳ ಏರ್ಪಾಡನ್ನು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ನೋಡಿಕೊಂಡು ಬಂದಿದೆ. ವಾಕೋಲಾ, ಕಲೀನಾಗಳ ಕನ್ನಡ ಮನೆಗಳಲ್ಲಿ ಹನ್ನೆರಡನೇ ತರಗತಿ ಓದುತ್ತಿರುವ ಮಕ್ಕಳಿದ್ದರೆ, ಹಿರಿಯರು ಈ ವರ್ಷವೇ ಅವರನ್ನು ವಿದ್ಯಾನಗರಿಗೆ ಕರೆದುಕೊಂಡು ಹೋಗಿ ಕೇಂದ್ರವನ್ನು ತೋರಿಸಲಿ.