ಟ್ಯಾಂಕಿಗೂ ಮೊದಲು ಗಜನಿ ಇತ್ತು

ಮೂಡಿಗೆರೆ, ಕಳಸದ ಕಡೆ ಬೆಳೆದ ನಮಗೆ ಸಿಗಡಿ ಅಂದ್ರೆ ಒಣ ಸಿಗಡಿ. ಚಾರ್ಮಾಡಿ ಘಾಟಿ ಹತ್ತಿ ಬರುತ್ತೆ, ಮಳೆಗಾಲದಲ್ಲಿ ಚಟ್ನಿ ಆಗುತ್ತೆ. ಈಗ ನನ್ನ ವಯಸ್ಸಿನ ಕೆಲವರು ಕಾಫಿ ತೋಟದ ಶೆಡ್ಡಲ್ಲೇ ಟ್ಯಾಂಕ್ ಇಟ್ಟು ಸಿಗಡಿ ಸಾಕೋಣ ಅಂತಿದ್ದಾರೆ. ಆರ್‌ಎಎಸ್, ಅಂದ್ರೆ ಅದೇ ನೀರನ್ನ ಸೋಸಿ ಸೋಸಿ ಮತ್ತೆ ಬಳಸೋ ಪದ್ಧತಿ. ದುಡ್ಡು ಹಾಕೋ ಮೊದಲು ಈ ಕಥೆ ಕೇಳಿ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರೋ ಕಡೆ ತಗ್ಗು ಗದ್ದೆಗಳಿವೆ. ಗಜನಿ ಅಂತಾರೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಅನ್ನೋ ಭತ್ತ. ಉಪ್ಪು ತಡೆಯುತ್ತೆ, ಕೆಲವು ದಿನ ಮುಳುಗಿದ್ರೂ ಸಾಯಲ್ಲ. ಕೊಯ್ಲಾದ ಮೇಲೆ ತೂಬು ತೆಗೆದ್ರೆ ಉಬ್ಬರದ ನೀರಿನ ಜೊತೆ ಸಿಗಡಿ ಮರಿಗಳು ತಾವೇ ಬರ್ತವೆ. ಕೊಳೆತ ಕೂಳೆ ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಮರಿ ಕೊಳ್ಳೋ ಹಾಗಿಲ್ಲ, ಫೀಡ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನೀರು ಬದಲಿಸೋದು ಸಮುದ್ರದ ಕೆಲಸ. ಬಿ.ಕಾಂ. ಮಾಡಿದವನಾಗಿ ಹೇಳ್ತೀನಿ, ಇಂಥ ಖರ್ಚಿನ ಪಟ್ಟಿ ನಾನೆಲ್ಲೂ ನೋಡಿಲ್ಲ.

1970ರ ದಶಕದಲ್ಲಿ ಸರ್ಕಾರ ಅಲ್ಲಿ ಶಾಶ್ವತ ಒಡ್ಡು ಕಟ್ಟಿತು. ಭತ್ತ ಉಳಿಸೋಕೆ ಅಂತ. ಆದರೆ ಸಿಗಡಿಗೆ ರೇಟು ಬಂದ ಹಾಗೆ ತೂಬು ಗುತ್ತಿಗೆದಾರರ ಕೈಗೆ ಹೋಯ್ತು, ಕಗ್ಗ ಕಮ್ಮಿಯಾಯ್ತು. ಆಮೇಲೆ ದೇಶದ ಕರಾವಳಿ ತುಂಬ ಟೈಗರ್ ಸಿಗಡಿ ಕೊಳಗಳು. 1994ರ ಹೊತ್ತಿಗೆ ಬಿಳಿ ಚುಕ್ಕೆ ರೋಗ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮಗಳನ್ನ ತೆಗೆಯಿರಿ ಅಂತು. ಗಜನಿಯಂಥ ಸಾಂಪ್ರದಾಯಿಕ ಪದ್ಧತಿಗೆ ವಿನಾಯ್ತಿ ಕೊಡ್ತು. 2009ರಲ್ಲಿ ಅಮೆರಿಕ ಖಂಡದ ವನ್ನಾಮಿ ಬಂದು ನಮ್ಮ ತಳಿಗಳನ್ನ ಮೂಲೆಗೆ ತಳ್ಳಿತು. ಚೆನ್ನೈನ ಸಿಬಾ ಸಂಸ್ಥೆ ಈಗ ನಮ್ಮದೇ ಬಿಳಿ ಸಿಗಡಿ, ಪೀನಿಯಸ್ ಇಂಡಿಕಸ್ ತಳಿಯನ್ನ ಸುಧಾರಿಸೋ ಕೆಲಸದಲ್ಲಿದೆ.

ಆ ಬಿಳಿ ಸಿಗಡಿಯನ್ನ ಗುಡ್ಡಕ್ಕೆ ತಂದ್ರೆ ಗಜನಿಯ ಕೆಲಸವನ್ನೆಲ್ಲ ಮಷೀನು ಮಾಡ್ಬೇಕು. ಉಬ್ಬರದ ಬದಲು ಪಂಪು. ಹಿಕ್ಕೆಯ ಅಮೋನಿಯಾವನ್ನ ನೈಟ್ರೇಟ್ ಮಾಡೋಕೆ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ದೊಡ್ಡ ಆರ್‌ಎಎಸ್ ಘಟಕದ ವೆಚ್ಚ 50 ಲಕ್ಷ ಅಂತ ಲೆಕ್ಕ. ಸಾಮಾನ್ಯ ವರ್ಗಕ್ಕೆ ಸಬ್ಸಿಡಿ 40 ಪರ್ಸೆಂಟ್. ಉಳಿದ 30 ಲಕ್ಷ ನಿಮ್ಮದು, ಇಲ್ಲ ಬ್ಯಾಂಕಿನದು. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋದ ರಾತ್ರಿ ಜನರೇಟರ್ ಶುರುವಾಗದಿದ್ರೆ, ಬೆಳಗ್ಗೆ ಹೊತ್ತಿಗೆ ಟ್ಯಾಂಕ್ ಖಾಲಿ ಅಂದ್ಕೊಳ್ಳಿ.

ನನಗೆ ಇದಕ್ಕಿಂತ ಭಯ ಉಪ್ಪಿಂದು. ಎಷ್ಟೇ ಸೋಸಿದ್ರೂ ಒಂದಿಷ್ಟು ಗಲೀಜು ನೀರು ಹೊರಗೆ ಬಿಡಲೇಬೇಕು. ಕುಮಟಾದಲ್ಲಿ ಅದು ಉಪ್ಪಿನಿಂದ ಉಪ್ಪಿಗೆ ಹೋಗ್ತಿತ್ತು. ಇಲ್ಲಿ ಕೆಳಗಿರೋದು ಭದ್ರಾ, ಹೇಮಾವತಿ. ಪಲ್ಪರ್ ನೀರು ಹಳ್ಳಕ್ಕೆ ಬಿಟ್ರೆ ಏನಾಗುತ್ತೆ ಅಂತ ನಮ್ಮೂರವರಿಗೆ ಗೊತ್ತು. ಶೆಡ್ ಪ್ಲ್ಯಾನ್ ತೋರಿಸೋ ಗೆಳೆಯರಿಗೆಲ್ಲ ನಾನು ಮೊದಲು ಕೇಳೋದು ಒಂದೇ: ಆ ಉಪ್ಪುನೀರಿನ ಪೈಪ್ ಎಲ್ಲಿಗೆ ಹೋಗುತ್ತೆ?